ಮುನ್ನೂರು ಗಂಟೆಯ ಹಾಳೆಗಳು

ಜೂನ್ ೧೧, ಬುಧವಾರ
ಆಶ್ರಯ ಕೇಂದ್ರ, ಮಧ್ಯಾಹ್ನದ ಬಿಡುವು

ನನ್ನ ಚೂಟಿಗೆ, ಅಮ್ಮನ ಮುದ್ದು.

ದೊಡ್ಡಮ್ಮನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಷ್ಟೆ? ಶುಕ್ರವಾರದೊಳಗೆ ಸೀಟು ಒಪ್ಪಿಕೊಳ್ಳಬೇಕು, ವಿಶ್ವವಿದ್ಯಾಲಯದ ಆ ಮಾನವ ಸೇವಾ ಪದವಿಯ ಮೌಲ್ಯಮಾಪನಕ್ಕೆ ಹೇಗೂ ನೀನೇ ಹೋಗುತ್ತಿದ್ದೀಯ, ಸೇರಲೋ ಬೇಡವೋ ನೋಡಿ ಹೇಳು ಎಂದು ನೀನು ಬರೆದಿದ್ದೆಯಲ್ಲ. ನೋಡಿ ಬಂದೆ ತಾಯಿ. ಮೂರು ದಿನ ಕುರ್ಚಿಯಲ್ಲಿ ಕೂತು ಕೂತು ಸೊಂಟ ಬಿದ್ದುಹೋಗಿದೆ.

ಸಮಿತಿಯಲ್ಲಿ ಮೂವರು ಪ್ರೊಫೆಸರುಗಳು, ಕೆಲಸ ಬಲ್ಲವಳೊಬ್ಬಳು ಇರಲಿ ಎಂದು ನಾನು. ಪಾಠ ಚೆನ್ನಾಗಿದೆ, ಸುಳ್ಳು ಹೇಳಬಾರದು. ಒಬ್ಬ ಮೇಷ್ಟರು, ಎದುರಿಗಿದ್ದವರು ಅಳುವಾಗ ಬಾಯಿ ಮುಚ್ಚಿಕೊಂಡು ಕೂರುವುದು ಹೇಗೆ ಎಂಬುದನ್ನೇ ಗಂಟೆಯಿಡೀ ಕಲಿಸಿದರು. ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಕೊನೆಯ ವರ್ಷದ ಹುಡುಗಿಯೊಬ್ಬಳನ್ನು ಕೇಳಿದೆ, ಏಟು ತಿಂದವಳೊಬ್ಬಳು ಕೂಸನ್ನೆತ್ತಿಕೊಂಡು ನಿಮ್ಮ ಬಾಗಿಲಿಗೆ ಬಂದ್ರೆ ಮೊದಲು ಏನು ಮಾಡ್ತೀಯಮ್ಮ ಅಂತ. ಫಾರಂ ತುಂಬಿಸ್ತೀನಿ ಮೇಡಂ ಅಂದಳು. ಮುನ್ನೂರು ಗಂಟೆ ಕ್ಷೇತ್ರಕಾರ್ಯ ಮುಗಿಸಿದವಳ ಉತ್ತರ ಇದು.

ಯಾವ ಕೇಂದ್ರದಲ್ಲಿ ದಿನಕ್ಕೆಷ್ಟು ಗಂಟೆ ದುಡಿದರೆಂದು ಬರೆಯುವ ಕ್ಷೇತ್ರಕಾರ್ಯದ ಹಾಳೆಗಳನ್ನು ತರಿಸಿದೆವು. ಕೇಂದ್ರದ ಹೆಸರಿಲ್ಲ, ಬರೀ ನಂಬರು, ಕೆಳಗೆ ಒಂದು ಗೀಚು ಸಹಿ. ಮೂರು ವರ್ಷಗಳಲ್ಲಿ ಬಂದ ಹುಡುಗಿಯರೆಲ್ಲರಿಗೂ ದಿನಕ್ಕೆ ಸರಿಯಾಗಿ ಆರೇ ಗಂಟೆ. ಒಬ್ಬರೂ ರಜೆ ಹಾಕಿಲ್ಲ, ಒಬ್ಬರಿಗೂ ನೆಗಡಿ ಬಂದಿಲ್ಲ. ಸಮಿತಿಯ ಅಧ್ಯಕ್ಷರು ನಕ್ಕು, ಇದ್ಯಾವ ಕೇಂದ್ರಾರೀ, ಅಲ್ಲಿ ಯಾರಿಗೂ ಕಾಯಿಲೆನೇ ಬರಲ್ವಲ್ಲ ಅಂದರು. ಅದು ನಮ್ಮ ಕೇಂದ್ರ. ಸಹಿ ನನ್ನದು.

ಹುಡುಗಿಯರು ಬರುತ್ತಿದ್ದರು, ನಿಜ. ಕಲಿಸಲು ಪುರುಸೊತ್ತೆಲ್ಲಿತ್ತು? ನಲವತ್ತು ಹೆಂಗಸರಿಗೆ ನಾವಿಬ್ಬರು. ಕಾಲಿಗೆ ಅಡ್ಡ ಸಿಗಬೇಡಿ, ಮನೆಗೆ ಹೋಗಿ ಪರೀಕ್ಷೆಗೆ ಓದ್ಕೊಳ್ಳಿ ಎಂದು ಕಳಿಸಿಬಿಡುತ್ತಿದ್ದೆ. ಹಾಳೆ ತಂದರೆ ಸಹಿ ಹಾಕುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಸುಸ್ತಾಗಿತ್ತು ಕಣೇ. ಈಗಲೂ ಸುಸ್ತೇ.

ಸೇರಬೇಡ ಎಂದು ಬರೆಯಲೆಂದೇ ಪೆನ್ನು ಹಿಡಿದೆ. ಈ ಕೆಲಸ ನನ್ನನ್ನು ಹಿಂಡಿಹಾಕಿದೆ, ನಿನಗೂ ಅದೇ ಗತಿ ಬೇಡ ಅನ್ನಿಸುತ್ತದೆ. ಆದರೆ ಕೋರ್ಸು ಸರಿಯಿಲ್ಲ ಎಂದರೆ ನನ್ನ ತಪ್ಪನ್ನು ಆ ಮೇಷ್ಟರ ತಲೆಗೆ ಕಟ್ಟಿದಂತಾಗುತ್ತದೆ. ಸೇರು. ಕ್ಷೇತ್ರಕಾರ್ಯಕ್ಕೆ ಮಾತ್ರ ನಿನ್ನನ್ನು ಕೂರಲೂ ಬಿಡದೆ ದುಡಿಸಿಕೊಳ್ಳುವ ಕಡೆ ಹೋಗು. ಪಾಠ ಒಳ್ಳೆಯದು, ಈ ಕೇಂದ್ರವನ್ನು ಕೈಬಿಡಿ, ತಪ್ಪು ಸಹಿ ಹಾಕಿದವಳು ನಾನು ಎಂದು ವರದಿಯಲ್ಲಿ ಬರೆದು ಬೆಳಿಗ್ಗೆ ಕಳಿಸಿದೆ. ಇಲ್ಲಿನವರು ನನ್ನನ್ನು ಇಟ್ಟುಕೊಳ್ಳುತ್ತಾರೋ ಮನೆಗೆ ಕಳಿಸುತ್ತಾರೋ ಗೊತ್ತಿಲ್ಲ. ಕಳಿಸಿದರೆ ಎರಡು ದಿನ ನಿದ್ದೆಯಾದರೂ ಮಾಡುತ್ತೇನೆ.

ನಿನ್ನನ್ನು ನೋಡಬೇಕೆನಿಸುತ್ತಿರುವ,
ಅಮ್ಮ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಹಾಳೆಗಳ ಕಟ್ಟನ್ನು ಮನೆಗೆ ತರುತ್ತಿದ್ದೆನಲ್ಲ, ನೀನು ಮಲಕ್ಕೋ ಅಮ್ಮ, ಗಂಟೆ ನಾನು ತುಂಬ್ತೀನಿ ಎಂದು ನೀನೇ ಭಾನುವಾರವೆಲ್ಲ ಕೂತು ತುಂಬುತ್ತಿದ್ದೆ. ಆಗಿನ್ನೂ ಹದಿನೈದರ ಹುಡುಗಿ, ನಿನಗೇನು ಗೊತ್ತು. ಸಹಿ ಒಬ್ಬರದು, ಬರಹ ಇನ್ನೊಬ್ಬರದು ಇದ್ದಂತಿದೆ ಎಂದು ಅಧ್ಯಕ್ಷರು ಆವತ್ತೇ ಅಂದಿದ್ದರು. ಆ ಬರಹವೂ ನನ್ನದೇ ಎಂದು ಬರೆದಿದ್ದೇನೆ. ವರದಿಯಲ್ಲಿ ಅದೊಂದೇ ಸುಳ್ಳು. ಶುಕ್ರವಾರದ ಒಪ್ಪಿಗೆ ಪತ್ರವನ್ನು ಕೈಯಲ್ಲಿ ಬರೆಯಬೇಡ, ಟೈಪ್ ಮಾಡಿಸಿ ಕಳಿಸು.