ಉಬ್ಬಿದ ಫೋನಿಗೆ ಇಸ್ತ್ರಿ ಬೇಡ

ಅಪ್ಪಾ,

ನೀವು ಹೊಲಿದ ಬಟ್ಟೆ ಕೊಡಲು ಹೋದಾಗಲೇ ಸುದ್ದಿ ಬಂತು. ಅಕ್ಕನಿಗೆ ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ನಾನು ಆಸ್ಪತ್ರೆಗೆ ಹೊರಟೆ.

ನಿಮ್ಮ ಫೋನ್ ಹುಡುಕಬೇಡಿ. ಬ್ಯಾಟರಿ ಉಬ್ಬಿತೆಂದು ಅದನ್ನು ಇಸ್ತ್ರಿಪೆಟ್ಟಿಗೆಯ ಅಡಿಗಿಟ್ಟು ಒತ್ತಿದ್ದೀರಲ್ಲ, ಅದೇನು ಪ್ಯಾಂಟಿನ ಸುಕ್ಕೇ? ಒತ್ತಿದರೂ ಚುಚ್ಚಿದರೂ ಬೆಂಕಿ ಹೊತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಗಿರಾಕಿಗಳ ಬಟ್ಟೆಯ ರಾಶಿ. ಆಫ್ ಮಾಡಿ, ಹಿತ್ತಲ ನೆರಳಿನಲ್ಲಿ ಕಲ್ಲಿನ ಮೇಲೆ ಇಟ್ಟಿದ್ದೇನೆ. ಮುಟ್ಟಬೇಡಿ, ಚಾರ್ಜಿಗೆ ಹಾಕಬೇಡಿ, ಕಸದ ಬುಟ್ಟಿಗೂ ಎಸೆಯಬೇಡಿ. ಸಂಜೆ ನಾನೇ ರಿಪೇರಿ ಅಂಗಡಿಗೆ ಒಯ್ಯುತ್ತೇನೆ.

ಮಗು ಹುಟ್ಟಿದ ಕೂಡಲೇ ಅದರ ಫೋಟೊ ನೋಡಬೇಕೆಂದೇ ಫೋನಿನ ಜೊತೆ ಗುದ್ದಾಡಿದ್ದೀರಿ, ಗೊತ್ತು. ಫೋಟೊ ಯಾಕೆ, ಮಗುವೇ ಇದೆಯಲ್ಲ. ಹೊಲಿಗೆ ನಿಲ್ಲಿಸಿ ಬನ್ನಿ. "ಅಪ್ಪ ಎತ್ಕೊಳ್ಳೋವರೆಗೂ ಯಾರಿಗೂ ಕೊಡಲ್ಲ" ಅಂತ ಅಕ್ಕ ಹಟ ಹಿಡಿದಿದ್ದಾಳೆ. ಬೇಗ ಬನ್ನಿ, ಅವಳ ಅತ್ತೆ ಆಗಲೇ ಕೈ ಚಾಚಿಕೊಂಡು ನಿಂತಿದ್ದಾರಂತೆ.