ಇಪ್ಪತ್ತು ಕಿಲೋ ಚಿಟ್ಟೆ ಮತ್ತು ದಾರ ಕಿತ್ತ ಪೆನ್ನು

ಮಾನ್ಯ ಕಾರ್ಯನಿರ್ವಾಹಕ ನಿರ್ದೇಶಕರೇ,

ಮೊದಲು ತಪ್ಪೊಪ್ಪಿಗೆ. ಕಳೆದ ತಿಂಗಳ ಹದಿನೇಳನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ, ರಾಮನಗರದ ನಿಮ್ಮ ಶಾಖಾ ಕಚೇರಿಯ ಕೌಂಟರಿಗೆ ಬಿಳಿ ದಾರದಿಂದ ಕಟ್ಟಿಹಾಕಿದ್ದ ನೀಲಿ ಶಾಯಿಯ ಬಾಲ್ ಪೆನ್ನೊಂದನ್ನು ನಾನು ದಾರ ಕಿತ್ತು ಕದ್ದೆ. ಬೆಲೆ ಐದು ರೂಪಾಯಿ. ನಿಮ್ಮ ಸಿಸಿ ಕ್ಯಾಮೆರಾ ಆ ಹೊತ್ತಿನಲ್ಲಿ ಗೋಡೆಯ ಮೇಲಿನ ‘ನಂಬಿಕೆಯೇ ನಮ್ಮ ಬಂಡವಾಳ’ ಎಂಬ ಫಲಕವನ್ನು ಯಾರೂ ಹೊತ್ತುಕೊಂಡು ಹೋಗದಂತೆ ಕಾಯುತ್ತಿದ್ದುದರಿಂದ ಸಾಕ್ಷ್ಯವೇನೂ ಸಿಗಲಾರದು. ಆದ್ದರಿಂದ ಸ್ವಯಂಪ್ರೇರಣೆಯಿಂದ ಒಪ್ಪಿಕೊಳ್ಳುತ್ತಿದ್ದೇನೆ. ನನ್ನ ಪರವಾಗಿ ಹೇಳಬಹುದಾದ ಮಾತು ಒಂದೇ: ಈ ಒಂದು ವರ್ಷದಲ್ಲಿ ನಿಮ್ಮ ಕಚೇರಿಗೆ ಬಂದವರ ಪೈಕಿ ಜಾಮೀನಿಲ್ಲದೆ ಏನನ್ನಾದರೂ ಪಡೆದು ಹೊರಬಿದ್ದವನು ಪ್ರಾಯಶಃ ನಾನೊಬ್ಬನೇ.

ಇನ್ನು ದೂರು. ಬ್ಯಾಂಕಿನವರು ಬಾಗಿಲಲ್ಲೇ ನಿಲ್ಲಿಸುವ ಸಣ್ಣ ಕಸುಬಿನವರಿಗೆ ಕೈಹಿಡಿದು ಸಾಲ ಕೊಡುತ್ತೇವೆ ಎಂದು ನಮ್ಮೂರಿಗೆ ಬಂದ ನೀವು, ನಮ್ಮ ಹಿಂದಿನ ಬೀದಿಯ ರೇಷ್ಮೆ ನೂಲು ಬಿಚ್ಚುವ ಜೈನಬಳ ಇಪ್ಪತ್ತು ಕಿಲೋ ಗೂಡನ್ನು ಹಾಳು ಮಾಡಿ, ಆ ಹಾಳಾದ ಗೂಡನ್ನೇ ಅವಳ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿ, ಈಗ ‘ಪಿಂಚಣಿದಾರರೊಬ್ಬರ ಜಾಮೀನು ತನ್ನಿ’ ಎನ್ನುತ್ತಿದ್ದೀರಿ. ಲಾಭರಹಿತ ಸಂಸ್ಥೆ ಎಂದರೆ ಸಂಸ್ಥೆಗೆ ಲಾಭವಿಲ್ಲ ಎಂದು ತಿಳಿದಿದ್ದೆ. ಬಂದವರಿಗೂ ಇಲ್ಲ ಎಂಬ ಅರ್ಥ ಈಗೀಗ ಹೊಳೆಯುತ್ತಿದೆ.

ಬರೆಯುತ್ತಿರುವವನು ಯಾರೆಂದು ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಕೋಪ ಬರುವ ವಯಸ್ಸು ದಾಟಿದೆ; ಈಗ ಕೋಪ ಬರಬೇಕಾದ ಜಾಗದಲ್ಲಿ ಆಕಳಿಕೆ ಬರುತ್ತದೆ. ಆದರೆ ಒಂದು ವಿಷಯದಲ್ಲಿ ನನಗೆ ಇನ್ನೂ ಹೆಮ್ಮೆಯಿದೆ, ಅದನ್ನು ಮುಚ್ಚಿಡುವುದಿಲ್ಲ. ಈ ಊರಿನಲ್ಲಿ ನನ್ನ ಸಹಿಗೆ ಬೆಲೆಯಿದೆ. ನಡತೆ ಪ್ರಮಾಣಪತ್ರ, ಅಂಕಪಟ್ಟಿಯ ನಕಲು, ಪಡಿತರ ಚೀಟಿಯ ತಿದ್ದುಪಡಿ, ಯಾರು ಯಾವ ಹೊತ್ತಿನಲ್ಲಿ ಬಂದು ಕೇಳಿದರೂ ಇಲ್ಲ ಎಂದವನಲ್ಲ. ಊಟದ ಕೈ ತೊಳೆದು ಸಹಿ ಹಾಕಿದ್ದೇನೆ. ಒಮ್ಮೆ ತೊಳೆಯದೆಯೂ ಹಾಕಿದ್ದೇನೆ. ಅಂಗಿಯ ಜೇಬಿನಲ್ಲಿ ಸದಾ ಎರಡು ಪೆನ್ನು: ಹಸಿರು ಸರ್ಕಾರಕ್ಕೆ, ನೀಲಿ ಸಂಸಾರಕ್ಕೆ. ನಿವೃತ್ತಿಯ ನಂತರ ಹಸಿರಿಗೆ ಅಧಿಕಾರವಿಲ್ಲ, ಅಭ್ಯಾಸವಿದೆ ಅಷ್ಟೆ.

ನಿಮ್ಮ ಶಾಖೆಯ ಉದ್ಘಾಟನೆಯ ದಿನ ಸ್ವಾಗತ ಭಾಷಣ ಮಾಡಿದವನೂ ನಾನೇ. ನೆನಪಿರಲಿಕ್ಕಿಲ್ಲ; ನೀವು ಆಗ ಫೋನಿನಲ್ಲಿ ಇದ್ದಿರಿ. ನಂತರ ನೀವು ಮಾತನಾಡಿದಿರಿ. ಸಬಲೀಕರಣ ಎಂಬ ಶಬ್ದವನ್ನು ಹನ್ನೊಂದು ಸಲ ಬಳಸಿದಿರಿ. ಆ ಶಬ್ದದ ನಡುವೆ ‘ಬಲಿ’ ಕೂತಿರುವುದು ಕನ್ನಡ ಮೇಷ್ಟ್ರಾದ ನನಗೆ ಅಂದೇ ಕಾಣಬೇಕಿತ್ತು. ಕಾಣಲಿಲ್ಲ. ಬದಲಿಗೆ ಜೈನಬಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ‘ನೋಡಮ್ಮ, ಇವರು ನಮ್ಮವರು’ ಎಂದು ತೋರಿಸಿದೆ.

ಜೈನಬಳ ಕಸುಬಿನ ಬಗ್ಗೆ ನಾಲ್ಕು ಮಾತು ಹೇಳಬೇಕು, ನಿಮ್ಮ ಹದಿನಾಲ್ಕು ಪುಟದ ಅರ್ಜಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಒಂದು ಚರಕ, ಒಂದು ಒಲೆ, ಒಂದು ಕೊಪ್ಪರಿಗೆ. ಬೆಳಿಗ್ಗೆ ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಕೊಳ್ಳಬೇಕು, ಕುದಿಯುವ ನೀರಿಗೆ ಹಾಕಬೇಕು, ಎಳೆ ಹುಡುಕಿ ಚರಕಕ್ಕೆ ಕೊಡಬೇಕು. ಅವಳ ಗಂಡ ಗೌಸ್ ಇಪ್ಪತ್ತು ವರ್ಷ ಆ ಹಬೆಯ ಮುಂದೆ ಕೂತು ಉಬ್ಬಸ ತಂದುಕೊಂಡ ಮೇಲೆ ಕೊಪ್ಪರಿಗೆಯ ಮುಂದೆ ಈಗ ಇವಳು, ಚರಕದ ಹಿಡಿಗೆ ಅವನು. ಗೂಡಿನ ಒಳಗೆ ಜೀವವಿದೆ, ಮಾನ್ಯರೇ. ಮಾರುಕಟ್ಟೆಗೆ ಬಂದ ಐದಾರು ದಿನದೊಳಗೆ ಬಿಚ್ಚದಿದ್ದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಗೂಡಿನಿಂದ ನೂಲು ಬರುವುದಿಲ್ಲ. ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಒಣಗಿಸಿದರೆ ತಿಂಗಳುಗಟ್ಟಲೆ ಇಡಬಹುದು. ಬೆಲೆ ಇಳಿದಾಗ ಕೊಂಡು, ನಿಧಾನವಾಗಿ ಬಿಚ್ಚಬಹುದು. ಆ ಪೆಟ್ಟಿಗೆ ನೂಲು ಬಿಚ್ಚುವ ದೊಡ್ಡ ಘಟಕದವರ ಬಳಿ ಮಾತ್ರ ಇದೆ. ಜೈನಬ್ ನಿಮ್ಮಲ್ಲಿ ಸಾಲ ಕೇಳಿದ್ದು ಅಂಥದೊಂದು ಸಣ್ಣ ಪೆಟ್ಟಿಗೆಗೆ. ಅರವತ್ತು ಸಾವಿರ.

ನಿಮ್ಮ ಅರ್ಜಿಯ ಒಂಬತ್ತನೇ ಷರತ್ತು ಹೀಗಿದೆ: ‘ಸ್ಥಳ ಪರಿಶೀಲನೆಯ ವೇಳೆ ಕಚ್ಚಾ ಸಾಮಗ್ರಿಯ ದಾಸ್ತಾನು ಕಡ್ಡಾಯವಾಗಿ ಸ್ಥಳದಲ್ಲಿರತಕ್ಕದ್ದು.’ ಓದಿ ಹೇಳಿದವನು ನಾನೇ. ಸೋಮವಾರ ಅವಳು ಎಂದಿಗಿಂತ ಹೆಚ್ಚಾಗಿ, ಕೈಯಲ್ಲಿದ್ದುದನ್ನೆಲ್ಲ ಸುರಿದು, ಇಪ್ಪತ್ತು ಕಿಲೋ ಕೊಂಡಳು. ಮಂಗಳವಾರ ನಿಮ್ಮ ಕ್ಷೇತ್ರ ಸಂಯೋಜಕರು ಪರಿಶೀಲನೆಗೆ ಬರುವುದೆಂದು ನಿಗದಿಯಾಗಿತ್ತು.

“ಸಾರ್, ಗೂಡು ಮಡಗೋಕಾಗಲ್ಲ. ಒಳಗೆ ಹುಳ ಐತೆ. ನಿಮ್ ಸಾಹೇಬ್ರು ಬರ್ಲಿ ಅಂತ ಅದು ಕುಂತಿರಲ್ಲ” ಎಂದ ಗೌಸ್, ಉಸಿರೆಳೆದುಕೊಳ್ಳುತ್ತಾ.

“ಷರತ್ತು ಅಂದ್ರೆ ಷರತ್ತು ಕಣಪ್ಪ. ನಾಳೆ ಬಂದು ನೋಡ್ಕೊಂಡು ಹೋಗ್ತಾರೆ, ನಾಡಿದ್ದು ಬಿಚ್ಕೊಳ್ಳಿ” ಎಂದೆ ನಾನು, ಷರತ್ತನ್ನು ಬರೆದವನಂತೆ.

“ಸುಮ್ಕಿರಿ ನೀವು. ಮೇಷ್ಟ್ರು ಓದಿರೋರು, ಹೇಳ್ತಾವ್ರೆ” ಎಂದಳು ಜೈನಬ್.

ಮಂಗಳವಾರ ಸಂಯೋಜಕರು ಬರಲಿಲ್ಲ. ಬೆಂಗಳೂರಿನಲ್ಲಿ ಅವರಿಗೆ ತುರ್ತು ಕಾರ್ಯಾಗಾರವಿತ್ತಂತೆ. ವಿಷಯ, ‘ತ್ವರಿತ ಸೇವೆ’. ಗುರುವಾರಕ್ಕೆ ಹೋಯಿತು. ಗುರುವಾರ ವಾಹನವಿರಲಿಲ್ಲ. ಶುಕ್ರವಾರ ವಾಹನವಿತ್ತು, ಅದನ್ನು ಮಾಗಡಿಯ ಶಾಖೆಯವರು ತೆಗೆದುಕೊಂಡು ಹೋಗಿದ್ದರು. ಪ್ರತಿದಿನ ಬೆಳಿಗ್ಗೆ ಜೈನಬಳ ಫೋನು: “ಬಿಚ್ಬುಡ್ಲಾ ಸಾರ್?” ಪ್ರತಿದಿನ ನನ್ನ ಉತ್ತರ: “ಇನ್ನೊಂದಿನ ನೋಡಮ್ಮ.” ನಿರೀಕ್ಷಣೆಗೆ ಇಷ್ಟು ನಿರೀಕ್ಷೆ ಬೇಕೆಂದು ಯಾವ ನಿಘಂಟಿನಲ್ಲೂ ಬರೆದಿಲ್ಲ.

ಶನಿವಾರ ನಾನೂ ಸಂಯೋಜಕರೂ ಚಪ್ಪರದ ಬಾಗಿಲು ತಳ್ಳಿದಾಗ ಒಳಗೆ ತಟ್ಟೆ, ಗೋಡೆ, ಚರಕ, ಗೌಸನ ಟೋಪಿ, ಎಲ್ಲದರ ಮೇಲೂ ಚಿಟ್ಟೆ. ರೇಷ್ಮೆ ಚಿಟ್ಟೆ ಹಾರುವುದೂ ಇಲ್ಲ, ಪಾಪ. ರೆಕ್ಕೆ ಪಟಪಟ ಬಡಿದುಕೊಂಡು ಇದ್ದಲ್ಲೇ ಸುತ್ತುತ್ತದೆ. ನಮ್ಮ ಅರ್ಜಿಯ ಹಾಗೆ. ಆ ಗೂಡು ಬೆಳೆದ ಅಕ್ಕೂರಿನ ಬೋರಲಿಂಗಯ್ಯ ಪೇಟೆಗೆ ಬಂದವನು, ಸುದ್ದಿ ಕೇಳಿ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ.

“ಏನ್ ತಾಯೀ, ನೂಲು ತೆಗೀಲಿ ಅಂತ ನಾನು ಗೂಡು ತಂದಾಕಿದ್ರೆ ನೀನು ಮೊಟ್ಟೆ ಇಕ್ಸೋಕೆ ಕುಂತ್ಬುಟ್ಟಿದ್ದೀಯಲ್ಲಾ!” ಎಂದ. ಹೇಳಿದ ಮೇಲೆ ಅವಳ ಮುಖ ನೋಡಿ, ನಗುವುದನ್ನು ಅಲ್ಲಿಗೇ ಬಿಟ್ಟು, ಟವೆಲ್ಲಿನಿಂದ ಕೊಪ್ಪರಿಗೆಯ ಮೇಲಿನ ಚಿಟ್ಟೆಗಳನ್ನು ಓಡಿಸತೊಡಗಿದ.

ನಿಮ್ಮ ಸಂಯೋಜಕರು ಮೊದಲು ನಾಲ್ಕು ಫೋಟೋ ತೆಗೆದರು. ಆಮೇಲೆ ಕೇಳಿದರು: “ಮೇಡಂ, ಸ್ಟಾಕ್ ಮೇಂಟೇನ್ ಮಾಡೋದು ಗೊತ್ತಿಲ್ವಾ ನಿಮಗೆ?”

“ಗೊತ್ತು ಸಾರ್. ಅದ್ಕೇ ಪೆಟ್ಗೆ ಕೇಳಿದ್ದು.”

ಇಷ್ಟು ಚಿಕ್ಕ ವಾಕ್ಯದಲ್ಲಿ ಇಷ್ಟು ಪೂರ್ತಿ ಉತ್ತರ ಬರೆದ ವಿದ್ಯಾರ್ಥಿಯನ್ನು ನಾನು ಮೂವತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ. ಸಂಯೋಜಕರು ಮಾತ್ರ ಅಂಕ ಕೊಡಲಿಲ್ಲ. ವರದಿಯಲ್ಲಿ ಬರೆದರು: ‘ದಾಸ್ತಾನು ಸ್ಥಳದಲ್ಲಿದೆ, ಬಳಕೆಗೆ ಯೋಗ್ಯವಿಲ್ಲ. ಅರ್ಜಿದಾರರಲ್ಲಿ ದಾಸ್ತಾನು ನಿರ್ವಹಣೆಯ ಅರಿವಿನ ಕೊರತೆ ಕಂಡುಬಂದಿದೆ. ತರಬೇತಿ ಹಾಗೂ ಜಾಮೀನು ಅಗತ್ಯ.’ ತರಬೇತಿ ಬೇಗ ಬಂತು. ಮೂರು ದಿನ, ತಿಂಡಿ ಸಮೇತ. ಗೂಡಿನೊಳಗೆ ಹುಳವಿರುತ್ತದೆ ಎಂದು ಪರದೆಯ ಮೇಲೆ ಚಿತ್ರ ತೋರಿಸಿ ಅವಳಿಗೆ ಕಲಿಸಲಾಯಿತು. ಪ್ರಮಾಣಪತ್ರವನ್ನೂ ಕೊಟ್ಟಿರಿ. ಮೊನ್ನೆ ನಿಮ್ಮ ವಾರ್ಷಿಕ ವರದಿ ಬಂದಿದೆ; ಹೊಳೆಯುವ ಕಾಗದ, ಮುಖಪುಟದಲ್ಲಿ ಜೈನಬ್, ತಲೆಯ ಸೆರಗಿನ ಮೇಲೆ ಎರಡು ಚಿಟ್ಟೆ, ಕೆಳಗೆ ‘ರೆಕ್ಕೆ ಬಿಚ್ಚಿದ ಕನಸು’ ಎಂಬ ಒಕ್ಕಣೆ. ಫಲಾನುಭವಿಗಳ ಪಟ್ಟಿಯಲ್ಲಿ ಅವಳ ಸಂಖ್ಯೆ ಇನ್ನೂರ ಹನ್ನೆರಡು. ಫಲವನ್ನು ಅನುಭವಿಸಿದವಳು ಅವಳು ಎಂಬುದರಲ್ಲಿ ಅನುಮಾನವಿಲ್ಲ. ಫಲ ಯಾರದು ಎಂದು ಕೇಳುತ್ತಿದ್ದೇನೆ.

ಈಗ ಜಾಮೀನಿನ ಮಾತಿಗೆ ಬರೋಣ. ಜಮೀನಿದ್ದವರಿಗೆ ಜಾಮೀನು ಸಿಗುತ್ತದೆ, ಇಲ್ಲದವರಿಗೆ ಎರಡೂ ಇಲ್ಲ; ನಡುವೆ ಇರುವುದು ಒಂದು ದೀರ್ಘ ಮಾತ್ರ. ‘ಸರ್ಕಾರಿ ನೌಕರ ಅಥವಾ ಪಿಂಚಣಿದಾರ’ ಎನ್ನುತ್ತದೆ ನಿಮ್ಮ ಅಂಕಣ. ಜೈನಬಳ ಬೀದಿಯಲ್ಲಿ ನಲವತ್ತಾರು ಮನೆಗಳಿವೆ. ನೂಲು ಬಿಚ್ಚುವವರಿದ್ದಾರೆ, ಆಟೋ ಓಡಿಸುವವರಿದ್ದಾರೆ, ಚನ್ನಪಟ್ಟಣದಿಂದ ಗೊಂಬೆ ತಂದು ಹೆದ್ದಾರಿಯ ಬದಿ ಮಾರುವವರಿದ್ದಾರೆ. ಪಿಂಚಣಿ ಯಾರಿಗೂ ಇಲ್ಲ. ಇದ್ದಿದ್ದರೆ ಅವರು ಬ್ಯಾಂಕಿಗೇ ಹೋಗುತ್ತಿದ್ದರು, ಏಕೆಂದರೆ ಬ್ಯಾಂಕಿನವರು ಕೇಳಿದ್ದೂ ಇದನ್ನೇ. ಹಾಗಾದರೆ ನೀವು ಬಂದದ್ದು ಯಾಕೆ, ಮಾನ್ಯರೇ? ಬ್ಯಾಂಕಿನವರು ಇಲ್ಲ ಎಂದು ಒರಟಾಗಿ ಹೇಳುತ್ತಾರೆ, ಸ್ವಲ್ಪ ನಯವಾಗಿ ಹೇಳೋಣ ಎಂದೇ?

ಚಿಟ್ಟೆಯ ಮಾರನೆಯ ದಿನ ಆ ಬೀದಿಯಲ್ಲಿ ನಡೆದದ್ದನ್ನು ನಿಮ್ಮ ವರದಿ ಬರೆದಿಲ್ಲ, ನಾನು ಬರೆಯುತ್ತೇನೆ. ನೂಲು ಬಿಚ್ಚುವವರಲ್ಲಿ ಒಂದು ವಾಡಿಕೆಯಿದೆ. ಯಾರ ಕೊಪ್ಪರಿಗೆಯಾದರೂ ಬರಿದಾದರೆ ಪಕ್ಕದವರು ತಮ್ಮ ಗೂಡಿನಲ್ಲಿ ಒಂದು ಬುಟ್ಟಿ ಕೊಡುತ್ತಾರೆ. ಮುಂದಿನ ಸಲ ಕೊಂಡಾಗ ಇವರು ಹಿಂತಿರುಗಿಸುತ್ತಾರೆ. ಬೆಳಿಗ್ಗೆ ಆರು ಗಂಟೆಗೆ ವಜೀರಾ ಎಂಬ ಮುದುಕಿ ಮೊದಲ ಬುಟ್ಟಿ ತಂದಿಟ್ಟಳು.

“ತಗೋ ಬೇಟಿ, ಒಲೆ ಹಚ್ಚು. ಅಳೋದು ಮಧ್ಯಾಹ್ನ ಮಾಡು, ಈಗ ನೀರು ಕಾಯ್ಲಿ.”

ಎಂಟು ಗಂಟೆಯ ಹೊತ್ತಿಗೆ ನಾಲ್ಕು ಬುಟ್ಟಿ. ಆ ವಾರವಿಡೀ ಚರಕ ನಿಲ್ಲಲಿಲ್ಲ. ಆ ನಾಲ್ವರೂ ಅರ್ಜಿ ಕೇಳಲಿಲ್ಲ, ದಾಸ್ತಾನು ನೋಡಲಿಲ್ಲ, ಫೋಟೋ ತೆಗೆಯಲಿಲ್ಲ. ಅವರಲ್ಲಿ ಯಾರ ಹತ್ತಿರವೂ ಒಂದು ಪೆನ್ನು ಕೂಡ ಇರಲಿಲ್ಲ.

ಆದರೆ ಬುಟ್ಟಿಯ ಗೂಡು ಬುಟ್ಟಿಗೇ ವಾಪಸಾಗುತ್ತದೆ. ಕಳೆದುಹೋದ ಇಪ್ಪತ್ತು ಕಿಲೋ ವಾಪಸಾಗುವುದಿಲ್ಲ. ಹಳೇ ಕಬ್ಬಿಣದವನು ಎರಡು ಸಲ ಬಂದು ಚರಕವನ್ನು ಅಲ್ಲಾಡಿಸಿ, ತೂಕ ಅಂದಾಜು ಮಾಡಿ ಹೋಗಿದ್ದಾನೆ. ಮುಂದಿನ ಒಂದನೇ ತಾರೀಖಿಗೆ ಕೈಗಾಡಿ ತರುತ್ತೇನೆ ಎಂದಿದ್ದಾನೆ. ಅದು ಹೋದರೆ ಗಂಡ ಹೆಂಡತಿ ಇಬ್ಬರೂ ದೊಡ್ಡ ಘಟಕದಲ್ಲಿ ದಿನಗೂಲಿ; ಅಲ್ಲಿನ ಹಬೆಯಲ್ಲಿ ಗೌಸನ ಉಸಿರು ಎಷ್ಟು ದಿನ ನಡೆಯುತ್ತದೆಂದು ಅಂದಾಜು ಮಾಡಲು ಯಾರೂ ಬಂದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಅರ್ಜಿಯಿಂದ ಜಾಮೀನಿನ ಅಂಕಣವನ್ನು ಹೊಡೆದು ಹಾಕಿ. ಗೆರೆ ಎಳೆಯಲು ನಿಮ್ಮ ಸಮಿತಿಗೆ ಸ್ಕೇಲ್ ಬೇಕಾದರೆ ನಾನು ಕೊಡುತ್ತೇನೆ. ನಿಮ್ಮ ಜನ ಕಾಯಿಸಿ ಹಾಳು ಮಾಡಿದ ಗೂಡಿನ ಬೆಲೆಯನ್ನು ಅವಳಿಗೆ ಕಟ್ಟಿಕೊಡಿ. ಒಂದನೇ ತಾರೀಖಿನ ಒಳಗೆ, ಕೈಗಾಡಿ ಬರುವ ಮೊದಲು, ಪೆಟ್ಟಿಗೆಯ ಸಾಲ ಅವಳ ಕೈ ಸೇರಲಿ. ಆಮೇಲೆ ಬೇಕಾದರೆ ಇನ್ನೊಂದು ಮುಖಪುಟಕ್ಕೆ ಫೋಟೋ ತೆಗೆದುಕೊಳ್ಳಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೊದಲ ಪ್ಯಾರಾದ ತಪ್ಪೊಪ್ಪಿಗೆ ಅರ್ಧವೇ ಆಯಿತು. ಕಳವಿನ ಕಾರಣವನ್ನು ನಾನು ಬರೆಯಲಿಲ್ಲ.

ಅಂದು ಅವಳ ಜೊತೆ ನಿಮ್ಮ ಕಚೇರಿಗೆ ಬಂದಿದ್ದೆ. ಅರ್ಜಿ ಕೌಂಟರಿನ ಮೇಲಿತ್ತು. ಆ ಬೀದಿಗೆ ಗೊತ್ತಿರುವ ಒಬ್ಬನೇ ಪಿಂಚಣಿದಾರನ ಹೆಸರನ್ನು ಅವಳು ಸೀಸದಕಡ್ಡಿಯಲ್ಲಿ ನಯವಾಗಿ ಬರೆಸಿಕೊಂಡು ಬಂದಿದ್ದಳು. ಅದು ನನ್ನ ಹೆಸರು. ಆಧಾರ್ ನಕಲು ಮಾಡಿಸಲು ಅವಳು ರಸ್ತೆಯಾಚೆ ಹೋದಳು. ನಾನು ಪಿಂಚಣಿಯನ್ನು ನೆನೆದೆ, ನನ್ನ ಹೆಂಡತಿಯ ಮುಖವನ್ನು ನೆನೆದೆ, ದಾರ ಕಿತ್ತೆ, ಪೆನ್ನನ್ನು ಚೀಲದೊಳಗೆ ಹಾಕಿದೆ.

ಅವಳು ಬಂದು, “ಇಲ್ಲಿ ಸಾರ್, ಒಂದೇ ಒಂದು ಸೈನು” ಎಂದಳು.

“ಪೆನ್ನಿಲ್ವಲ್ಲಮ್ಮ.”

ಅವಳು ಕೌಂಟರಿನಿಂದ ನೇತಾಡುತ್ತಿದ್ದ ದಾರವನ್ನು ನೋಡಿದಳು. ನನ್ನ ಜೇಬಿನಲ್ಲಿ ಮಿನುಗುತ್ತಿದ್ದ ಎರಡು ಮುಚ್ಚಳಗಳನ್ನು ನೋಡಿದಳು.

“ಇದು ಹಸಿರು, ನಡೆಯಲ್ಲ. ಇನ್ನೊಂದರಲ್ಲಿ ಶಾಯಿ ಮುಗಿದಿದೆ” ಎಂದೆ. ಅವಳು ಪ್ರಶ್ನೆಯನ್ನೇ ಕೇಳಿರಲಿಲ್ಲ.

“ಆಗ್ಲಿ ಬಿಡಿ ಸಾರ್” ಎಂದು ಅರ್ಜಿ ಮಡಿಸಿಕೊಂಡಳು. “ಬಿಸ್ಲು ಜಾಸ್ತಿ ಐತೆ. ನಡ್ಕೊಂಡು ಹೋಗ್ಬೇಡಿ, ಆಟೋ ಕರೀತೀನಿ.” ಕರೆದಳು. ಬಾಡಿಗೆಯನ್ನೂ ಅವಳೇ ಕೊಟ್ಟಳು.

ನಿಮ್ಮ ಪೆನ್ನು ಚೆನ್ನಾಗಿ ಬರೆಯುತ್ತದೆ, ಮಾನ್ಯರೇ. ಈ ಪತ್ರವನ್ನು ಪೂರ್ತಿ ಅದರಲ್ಲೇ ಬರೆದಿದ್ದೇನೆ. ಆರು ಪುಟವಾಗಿದೆ, ಎಲ್ಲೂ ತಡೆದಿಲ್ಲ.

ಇಂತಿ,
ಈ ಒಂದು ಕಾಗದದ ಕೆಳಗೆ ಮಾತ್ರ ಧೈರ್ಯವಾಗಿ ಸಹಿ ಹಾಕಿರುವ,
ಮುನಿರಾಮಯ್ಯ
ನಿವೃತ್ತ ಕನ್ನಡ ಉಪನ್ಯಾಸಕ, ಐಜೂರು, ರಾಮನಗರ
(ಸದ್ಯಕ್ಕೆ ಮೂರು ಪೆನ್ನುಗಳ ಒಡೆಯ)