ಕೊನೆಯ ಅಧ್ಯಾಯದಲ್ಲಿ ಅವಳು ಅಳಕೂಡದು

ಮಂಗಳವಾರ, ಮಧ್ಯಾಹ್ನ

ಗುಬ್ಬಿಗೆ, ನಿನ್ನ ಅತ್ತೆಯ ಅಕ್ಕರೆಯ ಆಶೀರ್ವಾದ.

ಮೊಣಕಾಲು ಸುಧಾರಿಸಿದೆ. ಮಗಳ ಮನೆಯ ಮೆಟ್ಟಿಲನ್ನು ಈಗ ಗೋಡೆ ಹಿಡಿಯದೆ ಇಳಿಯುತ್ತೇನೆ. ಕ್ಷೇಮ ಸಮಾಚಾರ ಇಷ್ಟು ಸಾಕು, ನೀನು ಕಾಯುತ್ತಿರುವುದು ಅದಕ್ಕಲ್ಲ.

ನೀನು ಕಳಿಸಿದ ಕಾದಂಬರಿಯನ್ನು ಎರಡು ಸಲ ಓದಿದೆ. ಬರೆದವರ ಹೆಸರು ಎಲ್ಲೂ ಇಲ್ಲ. ನಿಮ್ಮ ಔಷಧಿ ಅಂಗಡಿಯ ಸಹೋದ್ಯೋಗಿ ಬರೆದದ್ದು, ಪ್ರಕಾಶಕರು ಒಪ್ಪಿದ್ದಾರೆ, ಆದರೆ ಪತ್ತೇದಾರಿ ಪುಸ್ತಕಗಳನ್ನು ಅರೆದು ಕುಡಿದಿರುವ ನಾನು ಬೇಡ ಅಂದರೆ ಅವರು ಹರಿದು ಹಾಕುತ್ತಾರೆ ಅಂತ ಬರೆದಿದ್ದೀಯ. ಹಾಗಾದರೆ ನಾನು ಹೇಳುವುದನ್ನು ಆ ಸಹೋದ್ಯೋಗಿಗೆ ಒಂದಕ್ಷರ ಬಿಡದೆ ತಲುಪಿಸು.

ಮೊದಲು ಒಳ್ಳೆಯದು. ಕೋಲ್ಡ್ ಸ್ಟೋರೇಜಿನಲ್ಲಿ ಮೀನಿನ ಪೆಟ್ಟಿಗೆಗಳ ಸಂದಿಯಲ್ಲಿ ಪತ್ತೇದಾರ ಉಸಿರು ಬಿಗಿಹಿಡಿದು ಅಡಗಿರುವ ಭಾಗ ಓದುವಾಗ, ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿಯಿತು. ನಿನ್ನ ನಾದಿನಿ ಬಂದು ಬೈದಳು. ನಾನು ಪುಟದಿಂದ ತಲೆ ಎತ್ತಲಿಲ್ಲ. ವಿಷದ ವಿಚಾರವೂ ಕರಾರುವಾಕ್ಕಾಗಿದೆ, ಔಷಧಿ ಅಂಗಡಿಯವರಲ್ಲವೇ.

ಇನ್ನು ಕೊರತೆ. ಪತ್ತೇದಾರನ ಎಡಭುಜಕ್ಕೆ ಗುಂಡು ತಗಲುತ್ತದೆ. ಮರುದಿನ ಅದೇ ಕೈಯಲ್ಲಿ ಕ್ರೇನಿಗೆ ಜೋತುಬಿದ್ದು ಇಬ್ಬರನ್ನು ಒದೆಯುತ್ತಾನೆ. ನನ್ನ ಮೊಣಕಾಲಿಗೆ ಹೊಲಿಗೆ ಹಾಕಿದ ಮೇಲೆ ಬಚ್ಚಲುಮನೆಗೆ ಹೋಗುವುದಕ್ಕೇ ಇಬ್ಬರು ಹಿಡಿದುಕೊಳ್ಳಬೇಕಿತ್ತು. ಪೆಟ್ಟು ತಿಂದವನಿಗೆ ನೋವಾಗಲಿ, ಆಗಲೇ ನಮಗೂ ಭಯವಾಗುವುದು. ಅದೂ ಅಲ್ಲದೆ ಸುಳಿವು ಸಿಕ್ಕಾಗಲೆಲ್ಲ ಸಹಾಯಕನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳುತ್ತಾನೆ. ಓದುವವರಿಗೂ ತಲೆ ಇದೆ ಅಂತ ನಿನ್ನ ಸಹೋದ್ಯೋಗಿಗೆ ಹೇಳು.

ಈಗ ಕೊಲೆಗಾತಿಯ ವಿಷಯ. ಬಂದರಿನ ಕಳ್ಳಸಾಗಣೆಯನ್ನೆಲ್ಲ ನಡೆಸುವವಳು ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತ ಕೂತಿರುವ ಒಬ್ಬ ಅತ್ತೆ. ಗದರುವುದಿಲ್ಲ, ಕೂಗಾಡುವುದಿಲ್ಲ. ಕನ್ನಡಕ ತೆಗೆದು ಒರೆಸಿ, ‘ನನಗೇನಪ್ಪಾ, ನಿಮ್ಮಿಷ್ಟ’ ಅನ್ನುತ್ತಾಳೆ. ಅಷ್ಟಕ್ಕೇ ಚಾಕು ಹಿಡಿದ ರೌಡಿಗಳು ಬೆವರುತ್ತಾರೆ. ಆ ಪುಟವನ್ನು ನಿನ್ನ ನಾದಿನಿಗೆ ಓದಿ ಹೇಳಿದೆ. ಅವಳು ನಗುತ್ತ ನಗುತ್ತ ನೆಲದ ಮೇಲೇ ಕೂತುಬಿಟ್ಟಳು. ‘ಅಮ್ಮಾ, ಇದು ನೀನೇ ಕಣೇ’ ಅಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕನ್ನಡಕ ಮುಟ್ಟಿ ನೋಡಿಕೊಂಡೆ. ನಿಜ ಹೇಳುತ್ತೇನೆ, ಕೋಪ ಬಂತು. ಸಂಜೆಯವರೆಗೂ ಮುಖ ಊದಿಸಿಕೊಂಡು ಕೂತಿದ್ದೆ. ಆಮೇಲೆ ಮೊದಲಿನಿಂದ ಮತ್ತೆ ಓದಿದೆ. ಆ ಹೆಂಗಸು ಒಬ್ಬಳೇ ಇದ್ದಾಗ ಮಾತ್ರ ಕಾಲು ನೀವಿಕೊಳ್ಳುತ್ತಾಳೆ, ಹೆಜ್ಜೆಯ ಸದ್ದಾದರೆ ಕೈ ತೆಗೆದುಬಿಡುತ್ತಾಳೆ ಅಂತ ಒಂದು ಸಾಲಿದೆ. ಇಷ್ಟು ಗಮನವಿಟ್ಟು ನನ್ನನ್ನು ಯಾರೂ ನೋಡಿರಲಿಲ್ಲ, ನಿನ್ನ ಮಾವನವರೂ ಸೇರಿ. ಕೋಪ ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು.

ಆದ್ದರಿಂದಲೇ ಹೇಳುತ್ತೇನೆ, ಪುಸ್ತಕದ ದೊಡ್ಡ ದೋಷ ಕೊನೆಯ ಅಧ್ಯಾಯ. ಸಿಕ್ಕಿಬಿದ್ದ ಕೂಡಲೇ ಅವಳು ಪತ್ತೇದಾರನ ಕಾಲಿಗೆ ಬಿದ್ದು, ಗೊಳೋ ಅಂತ ಅತ್ತು ಕ್ಷಮೆ ಕೇಳುತ್ತಾಳೆ. ಅಲ್ಲಿಯವರೆಗೆ ಹುಲಿಯಾಗಿದ್ದವಳು ಅಲ್ಲಿ ಇಲಿ. ಬರೆಯುವ ಕೈ ಅಲ್ಲಿ ಯಾಕೆ ನಡುಗಿತು, ಯಾರು ಬೇಸರ ಮಾಡಿಕೊಂಡಾರು ಅಂತ ನಡುಗಿತು, ನನಗೆ ಗೊತ್ತು. ಆ ಹೆದರಿಕೆ ಬೇಡ. ಅವಳು ಅಳಕೂಡದು. ಕೈಗೆ ಕೋಳ ಬಿದ್ದ ಮೇಲೂ, ಭುಜಕ್ಕೆ ಸರಿಯಾಗಿ ಪಟ್ಟಿ ಕಟ್ಟಿಸಿಕೊಳ್ಳಪ್ಪ ಅಂತ ಪತ್ತೇದಾರನಿಗೇ ಬುದ್ಧಿ ಹೇಳಿ ಜೀಪು ಹತ್ತಲಿ.

ಇಷ್ಟು ತಿದ್ದಿದರೆ ಪುಸ್ತಕ ಅಚ್ಚಾಗಲೇಬೇಕು. ಇದರಲ್ಲಿ ಎರಡು ಮಾತಿಲ್ಲ.

ಇಂತಿ,
ನಿನ್ನ ಅತ್ತೆ

ತಾ.ಕ.: ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಇನ್ನೊಂದು ಪ್ರತಿ ತೆಗೆಸಿ ಬೈಂಡ್ ಹಾಕಿಸಿದ್ದೇನೆ. ನಿನ್ನ ಹತ್ತಿರ ಇರುವುದನ್ನು ಹರಿದರೂ ಇದು ನನ್ನಲ್ಲಿ ಭದ್ರ. ಬರೆದವರು ಯಾರು ಅಂತ ಅಂಗಡಿಯವನು ಕೇಳಿದ. ನನ್ನ ಸೊಸೆ ಅಂದೆ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ನಿನ್ನ ಹೆಸರೇ ಇದೆ. ಕೊನೆಯ ಅಧ್ಯಾಯವನ್ನು ಮಾತ್ರ ಕಿತ್ತು ತೆಗೆಸಿದೆ. ಅದನ್ನು ಸಹೋದ್ಯೋಗಿಗೆ ಬಿಡಬೇಡ, ನೀನೇ ಕೂತು ಬರೆ.